ದೊಡ್ಡವ್ವನ ಮೂಗಿನ ಕೂಳೆ ಬೆಳೆ

ಶ್ರೀರಂಗಪಟ್ಟಣದ ನನ್ನ ತಂಗಿಯ ಮನೆಯ ಹಜಾರ. ಭಾನುವಾರದ ಬೆಳಗು. ಇದ್ದವರು ನಾಲ್ಕೇ ಜನ: ತಂಗಿ ಸುಶೀಲ, ಅವಳ ಯಜಮಾನರು, ನನ್ನ ಹೆಂಡತಿ ಮತ್ತು ನಾನು. ತಂಗಿ ಕಾಫಿ ತಂದು ಕೈಗಿತ್ತಳು. ನಾನು ಲೋಟವನ್ನು ತುಟಿಗೆ ತಾಗಿಸುವ ಮುಂಚೆ ಮೂಗಿನ ಹತ್ತಿರ ಹಿಡಿದು, ಅರೆಗಣ್ಣು ಮಾಡಿಕೊಂಡು, ಒಂದು ಉಸಿರು ಒಳಗೆಳೆದೆ. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ತಂಗಿಯೂ ತನ್ನ ಲೋಟವನ್ನು ಅದೇ ಭಂಗಿಯಲ್ಲಿ ಹಿಡಿದು ನಿಂತಿದ್ದಾಳೆ.

ಅವಳ ಯಜಮಾನರು ನಕ್ಕು ನಕ್ಕು ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡರು. "ಅಲ್ಲ ಭಾವ, ನಿಮ್ಮ ವಂಶದಲ್ಲಿ ಯಾರಾದ್ರೂ ಪೊಲೀಸ್ ನಾಯಿ ಸಾಕಿದ್ರಾ?"

ಇಂಥ ಹೊತ್ತಿಗಾಗಿಯೇ ಕಾದಿದ್ದವಳಂತೆ ನನ್ನ ಹೆಂಡತಿ ಶುರುಮಾಡಿದಳು: "ಮದುವೆ ಆದ ಹೊಸದ್ರಲ್ಲಿ ನಾನು ಬಡಿಸಿದ ಸಾರನ್ನ ಇವ್ರು ಮೂಸಿದ್ರು. ವಿಷ ಹಾಕಿದ್ದೀನಿ ಅಂದ್ಕೊಂಡ್ರಾ ಅಂತ ಮೂರು ದಿನ ಮಾತು ಬಿಟ್ಟಿದ್ದೆ ನಾನು."

ಏನು ಮಾಡುವುದು ಹೇಳಿ. ಕೆಲವರಿಗೆ ಹಿರಿಯರಿಂದ ಗದ್ದೆ ಬರುತ್ತದೆ, ಕೆಲವರಿಗೆ ಬೋಳು ತಲೆ ಬರುತ್ತದೆ. ನಮಗೆ ಬಂದದ್ದು ಈ ಚಾಳಿ. ಕೊಟ್ಟವಳು ನಮ್ಮ ದೊಡ್ಡವ್ವ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಪುಟ್ಟತಾಯಮ್ಮ. ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ನಮ್ಮೂರಿನಲ್ಲಿ ಅವಳು ಎಲ್ಲರಿಗೂ ತಾಯಕ್ಕ. ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ವ್ಯಾಕರಣವನ್ನು ಪುಸ್ತಕದಿಂದ ಕಲಿತೆ, ಕನ್ನಡವನ್ನು ಮಾತ್ರ ದೊಡ್ಡವ್ವನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಲಿತೆ. ನಾವೆಲ್ಲ 'ವಾಸನೆ ಬರ್ತಿದೆ' ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಅವಳ ಹತ್ತಿರ ಒಂದು ಮಂಕರಿ ಮಾತುಗಳಿದ್ದವು. ಹಳೆಯ ಕೊಬ್ಬರಿಯದು ಕಮಟು. ಮಳೆಗಾಲದಲ್ಲಿ ಒಣಗದ ಬಟ್ಟೆಯದು ಮುಗ್ಗಲು. ನಿನ್ನೆಯ ಅನ್ನದ್ದು ಹಳಸಲು. ಒಗ್ಗರಣೆಯ ಮೆಣಸಿನಕಾಯಿಯದು ಘಾಟು. ಮೀನು ತೊಳೆದ ಕೈಯದು ನೀಚು. ಒಂದರ ಬದಲು ಇನ್ನೊಂದು ಹೇಳಿದೆನೋ, "ಕಮಟಿಗೂ ಮುಗ್ಗಲ್ಗೂ ಯತ್ವಾಸ ಗೊತ್ತಿಲ್ವಲ್ಲೋ, ನಿಂಗ್ಯಾವನು ಇಸ್ಕೂಲ್ನಾಗೆ ಪಾಸ್ ಮಾಡ್ದ?" ಎಂದು ಕೇಳುತ್ತಿದ್ದಳು. ಮುಂದೆ ನಾನೇ ಮಕ್ಕಳ ಪೇಪರು ತಿದ್ದುವಾಗ ಎಷ್ಟೋ ಸಲ ಈ ಪ್ರಶ್ನೆಯನ್ನು ಅಂಚಿನಲ್ಲಿ ಬರೆಯಬೇಕೆನಿಸಿದ್ದುಂಟು.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಮಾತು. ಆಗ ನಮ್ಮೂರಿನಲ್ಲಿ ಹೆಂಗಸರ ಡೈರಿ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೂ ಮುಂಚೆ ಗಂಡಸರದೊಂದು ಇತ್ತು; ಹಾಲಿಗೆ ನೀರು ಬೆರೆಸಿದವನು ಯಾರು ಎಂಬ ಜಗಳದಲ್ಲಿ ಅದು ಬಾಗಿಲು ಹಾಕಿಕೊಂಡಿತ್ತು. ಹೆಂಗಸರೆಲ್ಲ ಸೇರಿ ಹೊಸದನ್ನು ತೆರೆದಾಗ, ಹಳೆಯ ಡೈರಿಯ ಗಂಡಸರು ಎದುರುಮನೆಯ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತು, ಇದು ಯಾವತ್ತು ಮುಚ್ಚೀತು ಎಂದು ಕಾಯತೊಡಗಿದರು. ಅವರ ಮುಂದಾಳು ಬೇರೆ ಯಾರೂ ಅಲ್ಲ, ದೊಡ್ಡವ್ವನ ಗಂಡ, ನಮ್ಮ ದೊಡ್ಡಪ್ಪ.

ಡೈರಿಗೆ ಸೆಕ್ರೆಟರಿ ಜಯಮ್ಮ, ಎಸ್ಸೆಸ್ಸೆಲ್ಸಿ ಪಾಸಾಗಿ ನಮ್ಮೂರಿಗೆ ಸೊಸೆಯಾಗಿ ಬಂದವಳು. ಮನೆಮನೆಯವರು ತಂದ ಹಾಲನ್ನು ನೋಡಿ ತೆಗೆದುಕೊಳ್ಳುವ ಟೆಸ್ಟರು ನಮ್ಮ ದೊಡ್ಡವ್ವ. ಅವಳಿಗೆ ಓದು ಬರಹ ಬಾರದು. ಹಾಲಿನಲ್ಲಿ ತೇಲುವ ಗಾಜಿನ ಲ್ಯಾಕ್ಟೋಮೀಟರು ನೀರು ಬೆರೆತಿದ್ದರೆ ತಾನೇ ಹೇಳುತ್ತಿತ್ತು. ಅದರ ಗೆರೆಯನ್ನು ಜಯಮ್ಮ ಓದುತ್ತಿದ್ದಳು. ಮಿಕ್ಕಿದ್ದನ್ನೆಲ್ಲ ದೊಡ್ಡವ್ವನ ಮೂಗು ಓದುತ್ತಿತ್ತು. ಬಂದ ತಪ್ಪಲೆಯ ಮುಚ್ಚಳ ತೆಗೆದು, ಹಾಲನ್ನು ಒಮ್ಮೆ ಕುಲುಕಿ, ಮೂಗು ಆಡಿಸಿ, "ಊಂ, ಸುರಿ" ಎನ್ನುತ್ತಿದ್ದಳು. ಆ 'ಊಂ' ಬಿದ್ದ ಮೇಲೆಯೇ ಹಾಲು ಕ್ಯಾನಿಗೆ.

"ನಿನ್ನಸ ಈರುಳ್ಳಿ ಒಲಕ್ಕೆ ಬಿದ್ದಿತ್ತೇನಮ್ಮಿ?" ಎಂದು ಅವಳು ಕೇಳಿದರೆ, ಬಿದ್ದೇ ಇರುತ್ತಿತ್ತು. ಒಂದು ಸಲ ನೆರೆಮನೆಯ ಕೆಂಪಮ್ಮನ ತಪ್ಪಲೆ ಮೂಸಿ, "ಓತದ ಪಕ್ಕದಲ್ಲಿ ಅಸ ಕಟ್ಟಾಕಿ ಆಲು ಕರ್ದಿದ್ದೀಯ" ಎಂದಳು. ಕೆಂಪಮ್ಮ ಊರ ದೇವರ ಮೇಲೆಲ್ಲ ಆಣೆ ಇಟ್ಟು ಇಲ್ಲವೆಂದಳು. ಅಷ್ಟರಲ್ಲಿ ಅವಳ ಹಿಂದೆಯೇ ಬಂದಿದ್ದ ಅವಳ ಮನೆಯ ಹೋತ ಸಾಲಿನಲ್ಲಿ ನಿಂತು ಒಂದು ಸಲ ಕೂಗಿತು. ಅಲ್ಲಿಗೆ ಮೊಕದ್ದಮೆ ಮುಗಿಯಿತು.

ಆ ವರ್ಷ ಧನುರ್ಮಾಸದ ಚಳಿಯಲ್ಲಿ ಊರಿಗೆಲ್ಲ ನೆಗಡಿ ಜ್ವರ ಬಂತು. ದೊಡ್ಡವ್ವನಿಗೂ ಬಂತು, ಎಲ್ಲರ ಹಾಗೆ ಐದಾರು ದಿನಕ್ಕೆ ಹೋಯಿತು. ಹೋದಮೇಲೆ ಅವಳು ಎಂದಿನಂತೆ ಡೈರಿಗೆ ಹೋಗಿ ಕೂತಳು, ಎಂದಿನಂತೆ 'ಊಂ, ಸುರಿ' ಎನ್ನುತ್ತಿದ್ದಳು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದು ಭಾನುವಾರ. ನಾನು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬಂದಿದ್ದೆ. ಬೆಳಿಗ್ಗೆ ಹಲ್ಲುಜ್ಜುತ್ತ ಡೈರಿಯ ಹತ್ತಿರ ಹೋದರೆ, ಸಾಲಿನ ಮುಂದೆ ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಸೀಮೆಣ್ಣೆ ನಾರ್ತದೆ, ತಗೊಂಡೋಗು," ಎಂದಳು ದೊಡ್ಡವ್ವ.

"ಸೀಮೆಣ್ಣೆಯಾ? ನಂ ಮನೇಲಿ ಸೀಮೆಣ್ಣೆ ಕಂಡು ಒಂದು ತಿಂಗ್ಳಾಯ್ತು ಕಣಕ್ಕ! ರೇಷನ್ನೇ ಬಂದಿಲ್ಲ!"

"ಮುಂದಿನವ್ರು ಬನ್ನಿ." ಮುಂದಿನದೂ ಸೀಮೆಎಣ್ಣೆ. ಅದರ ಮುಂದಿನದೂ ಸೀಮೆಎಣ್ಣೆ. ಜಯಮ್ಮ ತಾನೇ ಮೂಸಿ ನೋಡಿ, "ಏನೂ ಇಲ್ವಲ್ಲ ತಾಯಕ್ಕ, ಆಲು ಆಲಿದ್ದಂಗೇ ಅದೆ" ಎಂದು ಮೆಲ್ಲಗೆ ಹೇಳಿದಳು. ದೊಡ್ಡವ್ವ ಮುಂದಿನ ತಪ್ಪಲೆಯ ಮುಚ್ಚಳ ತೆಗೆದಳು. ಹಾಲಿನ ವ್ಯಾನು ಬಂದು ಹಾರನ್ನು ಬಾರಿಸುವ ಹೊತ್ತಿಗೆ ಹನ್ನೊಂದು ಮನೆಯ ಹಾಲು ವಾಪಸು ಹೋಗಿತ್ತು.

ಜಗಲಿಯ ಮೇಲಿಂದ ದೊಡ್ಡಪ್ಪ ಕೂಗಿದ: "ಲೇ, ಕೇಳುದ್ರೇನ್ರಲಾ! ನಮ್ಮೂರ ಅಸಗಳೆಲ್ಲ ಸೀಮೆಣ್ಣೆ ಕರೀತಾ ಅವಂತೆ! ಇನ್ಮ್ಯಾಕೆ ರೇಷನ್ ಅಂಗ್ಡಿ ಮುಂದೆ ಯಾಕ್ಲಾ ಕ್ಯೂ ನಿಂತ್ಕೋಬೇಕು, ಕೊಟ್ಟಿಗೆಗೆ ದೀಪ ತಗೊಂಡೋದ್ರಾಯ್ತು!"

ಜಗಲಿ ಬಿದ್ದು ಬಿದ್ದು ನಕ್ಕಿತು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕಥೆ. ಸೊಸೆ ರತ್ನ ಹಿತ್ತಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ನಾಲ್ಕು ದಿನದಿಂದ ಅತ್ತೆ ಅವಳು ಕೊಟ್ಟ ಕಾಫಿಯನ್ನು ಪಕ್ಕಕ್ಕೆ ಸರಿಸುತ್ತಿದ್ದಾಳೆ, ಸಾರನ್ನು ನೋಡಿ ಮುಖ ಹಿಂಡುತ್ತಿದ್ದಾಳೆ, ಕೇಳಿದರೆ ಬಾಯಿ ಬಿಡುವುದಿಲ್ಲ. "ನನ್ ಕೈಯಡ್ಗೆ ಇಡುಸ್ನಿಲ್ಲ ಅಂದ್ರೆ ಒಂದ್ಮಾತು ಬೈದ್ಬುಡ್ಲಿ ಕಣಣ್ಣ. ಇಂಗೆ ಸುಮ್ಕಿದ್ರೆ ನಾನೇನ್ ತಿಳ್ಕಳಾನ?" ಎಂದಳು. ಅವಳ ಅಡುಗೆಯದೇನೂ ತಪ್ಪಿರಲಿಲ್ಲ. ಕಾಫಿ, ಹುರಿದ ಕಡಲೆ, ಈರುಳ್ಳಿ ಒಗ್ಗರಣೆ, ಕೊನೆಗೆ ದೇವರ ಮುಂದಿನ ಮಲ್ಲಿಗೆಯ ದಂಡೆ ಕೂಡ ದೊಡ್ಡವ್ವನ ಮೂಗಿಗೆ ಒಂದೇ ಸೀಮೆಎಣ್ಣೆಯಾಗಿ ಮುಟ್ಟುತ್ತಿತ್ತು.

ಊರೆಂದಮೇಲೆ ಒಂದು ಕಾಯಿಲೆಗೆ ಒಂದೇ ಕಾರಣ ಇರುವುದುಂಟೆ? ಹುಣಸೆಮರದ ಕೆಳಗೆ ತಲೆಗೂದಲು ಬಿಟ್ಟುಕೊಂಡು ನಡೆದದ್ದಕ್ಕೆ ಎಂದರು ಕೆಲವರು. ಹೊಸದಾಗಿ ಮನೆಗೆ ಬಂದಿದ್ದ ಪೇಸ್ಟಿನಿಂದ ಎಂದರು. ಇದ್ದಿಲಲ್ಲಿ ಹಲ್ಲುಜ್ಜುತ್ತಿದ್ದ ಬಾಯಿಗೆ ಏಕಾಏಕಿ ಪುದೀನ ಬಿದ್ದರೆ ಮೂಗು ಸುಮ್ಮನಿದ್ದೀತೆ? ಮೇಷ್ಟ್ರಾದ ನಾನು ಸುಮ್ಮನಿರಲಾದೀತೆ? ರಕ್ತಹೀನತೆ ಇರಬೇಕೆಂದು ಗಂಭೀರವಾಗಿ ಘೋಷಿಸಿ ನಾಗಮಂಗಲದಿಂದ ಒಂದು ಟಾನಿಕ್ಕಿನ ಬಾಟಲಿ ತಂದುಕೊಟ್ಟೆ. ಅದರಿಂದ ದೊಡ್ಡವ್ವನ ಹಲ್ಲು ಕಪ್ಪಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಈ ಕಾರಣಗಳಿಗೆಲ್ಲ ನಕ್ಕಿದ್ದ ದೊಡ್ಡವ್ವ ಒಂದಕ್ಕೆ ಮಾತ್ರ ನಗಲಿಲ್ಲ. ಅದು ಕೆಂಪಮ್ಮನದು: "ದಿನಾ ಅಷ್ಟ್ ಜನದ್ ಆಲು ಮೂಸಿ ಮೂಸಿ ತಾಯಕ್ಕನ ಮೂಗು ಸವ್ದೋಗದೆ ಕಣ್ರಮ್ಮಿ. ಅಳೇ ಕುಡ್ಲು ಸವ್ಯಾಕಿಲ್ವಾ, ಅಂಗೆ."

ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದೇ ಅವಳ ಎದೆಗೆ ಹೊಕ್ಕಿದ್ದು. ಮಕ್ಕಳು ದೊಡ್ಡವರಾಗಿ, ಮನೆಯ ಯಜಮಾನಿಕೆ ಸೊಸೆಗೆ ಹೋಗಿ, ಇನ್ನೇನು ಮೂಲೆ ಸೇರಬೇಕು ಎನ್ನುವ ವಯಸ್ಸಿನಲ್ಲಿ ಆ ಡೈರಿ ಅವಳಿಗೆ ಸಿಕ್ಕಿತ್ತು. ಸಹಿ ಹಾಕಲು ಬಾರದ ಹೆಂಗಸಿನ ಒಂದು 'ಊಂ'ಗೆ ಊರೇ ತಪ್ಪಲೆ ಹಿಡಿದು ಕಾಯುತ್ತಿತ್ತು. ಈಗ ಮೂಗು ಹೋದರೆ ಅವಳೂ ಹೋದಳು. ಅವಳ ಹಿಂದೆ, ಜಗಲಿಯವರು ಕಾಯುತ್ತಿದ್ದ ಹಾಗೆ, ಡೈರಿಯೂ ಹೋಗಬಹುದು.

ಪಾಂಡವಪುರದಲ್ಲಿ ಮೂಗು ಕಿವಿ ಗಂಟಲು ನೋಡುವ ವಯಸ್ಸಾದ ಡಾಕ್ಟರೊಬ್ಬರಿದ್ದರು. ಮುಂದಿನ ವಾರ ದೊಡ್ಡವ್ವನನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವಳ ಮನಸ್ಸು ಹಗುರ ಮಾಡೋಣವೆಂದು, ಮೂಗಿನ ಹಾಗೆ ಕಣ್ಣು ಕಿವಿಗಳೂ ಸುಳ್ಳು ಹೇಳಿದ, ನನಗೆ ಗೊತ್ತಿದ್ದ ಕಥೆಗಳನ್ನೆಲ್ಲ ತೆಗೆದೆ.

ಮೊದಲನೆಯದು ನನ್ನದೇ. ನಾನು ಚಿಕ್ಕವನಿದ್ದಾಗ ಜ್ವರ ಬಂದರೆ ಸಾಕು, ಮನೆಯ ಗೋಡೆಗಳೆಲ್ಲ ಹಿಂದಕ್ಕೆ ಸರಿದು ಸರಿದು ಕೆರೆಯ ಏರಿಯಷ್ಟು ದೂರ ನಿಲ್ಲುತ್ತಿದ್ದವು. ಹಣೆಯ ಮೇಲೆ ಒದ್ದೆಬಟ್ಟೆ ಹಾಕಲು ಬಂದ ದೊಡ್ಡವ್ವನ ಬೆರಳುಗಳು ತೊಲೆಗಳಷ್ಟು ದಪ್ಪವಾಗುತ್ತಿದ್ದವು. ಬೆರಳು ಹತ್ತಿರ ಬಂದಂತೆ ನಾನು ಕಿಟಾರನೆ ಕಿರುಚುತ್ತಿದ್ದೆ. ಜ್ವರ ಇಳಿದ ಮೇಲೆ ಗೋಡೆ ತನ್ನ ಜಾಗದಲ್ಲೇ, ಬೆರಳು ಬೆರಳಿನಷ್ಟೇ. ಇದು ಯಾಕಾಗುತ್ತಿತ್ತು ಎಂದು ಇವತ್ತಿನವರೆಗೂ ನನಗೆ ಯಾರೂ ಸರಿಯಾಗಿ ಹೇಳಿಲ್ಲ.

"ಅದುಕ್ಕೆ ಅಂಗೆ ಕಿರುಚ್ತಿದ್ದೇನ್ಲಾ? ನನ್ ಕೈ ನೋಡಿ?" ದೊಡ್ಡವ್ವ ನಕ್ಕಳು. "ನಿಂಗೆ ದೆವ್ವ ಬಡ್ದದೆ ಅಂತ ಒಂದು ಕೋಳಿ ಕುಯ್ದಿದ್ರು. ಅನ್ಯಾಯವಾಗಿ ಓಯ್ತಲ್ಲೋ ಕೋಳಿ."

ಎರಡನೆಯದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಸಂತೆಯಲ್ಲಿ ಕುಡುಗೋಲು ಮಾರುತ್ತಿದ್ದ ಒಬ್ಬ ಆಚಾರಿಯದು. ಜೀವಮಾನವೆಲ್ಲ ಕುಲುಮೆಯಲ್ಲಿ ಸುತ್ತಿಗೆ ಬಡಿದ ಕಿವಿ. ಕೆಲಸ ನಿಲ್ಲಿಸಿ ಕೂತನೆಂದರೆ ಕಿವಿಯೊಳಗೆ ಯಾರೋ ಸುತ್ತಿಗೆ ಬಡಿಯತೊಡಗುತ್ತಿದ್ದರು. ತಿರುಗಿ ತಾನೇ ಬಡಿಯತೊಡಗಿದರೆ ಒಳಗಿನವನು ನಿಲ್ಲಿಸುತ್ತಿದ್ದ. "ಇಬ್ರಲ್ಲಿ ಒಬ್ರು ಕೆಲ್ಸ ಮಾಡ್ಲೇಬೇಕು ಅಂತ ಭಗವಂತ ಬರ್ದವ್ನೆ ಕಣ್ ಮೇಷ್ಟ್ರೇ. ಅದ್ಕೇ ನಾನು ರಜಾನೇ ತಗಳಾಕಿಲ್ಲ" ಎನ್ನುತ್ತಿದ್ದ.

ಇಷ್ಟು ಹೇಳುವ ಹೊತ್ತಿಗೆ ಬಸ್ಸು ಪಾಂಡವಪುರದ ಕಬ್ಬಿನ ಗದ್ದೆಗಳ ನಡುವೆ ಬಂದಿತ್ತು. ರಸ್ತೆಯ ಪಕ್ಕದ ಆಲೆಮನೆಯಿಂದ ಬಿಸಿ ಬೆಲ್ಲದ ಘಮ ಕಿಟಕಿಯೊಳಗೆ ನುಗ್ಗಿತು. ನಾನು ಎದೆತುಂಬ ಎಳೆದುಕೊಂಡೆ. ಪಕ್ಕದಲ್ಲಿ ದೊಡ್ಡವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಆಮೇಲೆ ಸೆರಗಿನೊಳಗಿಂದಲೇ ಹೇಳಿದಳು: "ಒಂದ್ ಮಾತು ಏಳ್ತೀನಿ ಕಣಪ್ಪ, ಯಾರ್ಗೂ ಏಳ್ಬ್ಯಾಡ. ಜ್ವರ ಬುಟ್ಟ ಮ್ಯಾಗೆ ಅತ್ತು ದಿನ ನಂಗೆ ಯಾವ್ದೂ ವಾಸ್ನೇನೇ ಇರ್ಲಿಲ್ಲ. ಸಗಣೀನೂ ಇಲ್ಲ, ಊದ್ಗಡ್ಡೀನೂ ಇಲ್ಲ. ಸುಮ್ಕೆ ಮೂಸ್ದಂಗೆ ಮಾಡಿ 'ಊಂ, ಸುರಿ' ಅಂತಿದ್ದೆ. ಅತ್ತು ದಿನ ಸುಳ್ಳಾಡ್ದೆ ಕಣೋ. ಅದುಕ್ಕೇ ದ್ಯಾವ್ರು ಇಂಗ್ ಮಾಡ್ದ."

ಅವಳ ಮಟ್ಟಿಗೆ ಕಾಯಿಲೆಯ ಕಾರಣ ಅದೇ. ನನ್ನ ಟಾನಿಕ್ಕು ಆ ದಾರಿಯಲ್ಲೇ ಇರಲಿಲ್ಲ.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಬೇರೆ ಬೇರೆ ಶೀಶೆ ಮೂಸಿಸಿದರು. ಹತ್ತಿಗೆ ಲವಂಗದೆಣ್ಣೆ ಹಚ್ಚಿ ನನಗೂ ಒಮ್ಮೆ ಹಿಡಿದರು. ನಾನು ಪಂಡಿತನ ಗತ್ತಿನಲ್ಲಿ "ನೀಲಗಿರಿ" ಎಂದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ದೊಡ್ಡವ್ವನ ಕಡೆ ತಿರುಗಿದರು.

"ಅಮ್ಮ, ಮೂಗಿನ ಮೇಲುಗಡೆ ದಾರದ ಎಳೆ ಥರ ಸಣ್ಣ ನರಗಳಿರ್ತವೆ. ಜ್ವರದಲ್ಲಿ ಕೆಲವರಿಗೆ ಅವು ಸತ್ತೋಗ್ತವೆ. ಅದಕ್ಕೇ ಮೊದಲು ಏನೂ ಗೊತ್ತಾಗಲ್ಲ. ಆಮೇಲೆ ತಿರುಗಿ ಚಿಗುರ್ತವೆ. ಚಿಗುರುವಾಗ ಒಂದರ ಜಾಗಕ್ಕೆ ಇನ್ನೊಂದು ಹೋಗಿ ಸೇರಿಕೊಂಡ್ರೆ, ಮಲ್ಲಿಗೆ ಮೂಸಿದ್ರೂ ಸೀಮೆಎಣ್ಣೆ ಅನ್ಸುತ್ತೆ."

"ಅಂಗಾರೆ ಸವ್ದೋಗಿಲ್ವಾ ಡಾಕ್ಟ್ರೇ?"

"ಸವೆಯೋದಲ್ಲ ಇದು. ಏನೂ ಬರದೇ ಇರೋದಕ್ಕಿಂತ ತಪ್ಪು ವಾಸನೆ ಬರೋದೇ ಒಳ್ಳೇದು. ಚಿಗುರು ಒಡೆದಿದೆ ಅಂತ ಅರ್ಥ. ಆರು ತಿಂಗಳಾಗಬಹುದು, ವರ್ಷ ಆಗಬಹುದು. ಪೂರ್ತಿ ಬರುತ್ತೆ ಅಂತ ಬರೆದುಕೊಡೋಕೆ ನನ್ನ ಕೈಲಾಗಲ್ಲ. ಊರಿಗೆಲ್ಲ ಜ್ವರ ಬಂದು ನಿಮ್ಮ ಮೂಗಿಗೇ ಯಾಕೆ ಹೀಗಾಯ್ತು ಅಂದ್ರೆ, ಅದೂ ನನಗೆ ಗೊತ್ತಿಲ್ಲ."

ಕಿಟಕಿಯಾಚೆ ಕಬ್ಬು ತುಂಬಿದ ಎತ್ತಿನಗಾಡಿಯೊಂದು ಹೋಗುತ್ತಿತ್ತು. ಅದನ್ನು ಕಂಡು ದೊಡ್ಡವ್ವನ ಮುಖ ಅರಳಿತು. "ಕೂಳೆ ಕಬ್ಬು ಅನ್ನಿ. ಕಡ್ದ್ ಮ್ಯಾಗೆ ಬೇರಿಂದ ತಿರ್ಗ ಬತ್ತದಲ್ಲ, ಅಂಗೆ."

"ಅಷ್ಟೇ ಅನ್ಕೊಳ್ಳಿ," ಎಂದು ಡಾಕ್ಟರೂ ನಕ್ಕರು.

ಕೂಳೆ ಎಂಬ ಆ ಒಂದು ಮಾತನ್ನು ಅವಳು ಊರಿನವರೆಗೂ ಜೋಪಾನವಾಗಿ ತಂದಳು. ತಂದದ್ದು ಒಳ್ಳೆಯದೇ ಆಯಿತು, ಆದರೆ ಅದರ ಜೊತೆಗೆ ಒಂದು ತಪ್ಪು ಲೆಕ್ಕಾಚಾರವನ್ನೂ ಮಾಡಿಕೊಂಡಳು. ಮೂಗಿಗೆ ಬರುವ ಸೀಮೆಎಣ್ಣೆಯೆಲ್ಲ ಸುಳ್ಳು ತಾನೇ? ಹಾಗಾದರೆ ಸೀಮೆಎಣ್ಣೆ ನಾರಿದ ಹಾಲೆಲ್ಲ ಒಳ್ಳೆಯ ಹಾಲು. ಡೈರಿಯಲ್ಲಿ ಕೂತು, ಮೂಗು ಏನು ಹೇಳುತ್ತದೋ ಅದಕ್ಕೆ ಕಿವಿಗೊಡದೆ, ಬಂದದ್ದನ್ನೆಲ್ಲ 'ಊಂ, ಸುರಿ' ಎಂದು ಬಿಡತೊಡಗಿದಳು. ಎರಡು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು.

ಆಮೇಲೆ ರೇಷನ್ನು ಬಂತು.

ಸೀಮೆಎಣ್ಣೆ ಕಾಣದೆ ಕಾದಿದ್ದ ಮನೆಗಳಲ್ಲೆಲ್ಲ ಅವತ್ತು ಲಾಟೀನು, ಬುಡ್ಡಿದೀಪ ತೊಳೆದು ತುಂಬುವ ಸಂಭ್ರಮ. ಕೆಂಪಮ್ಮನ ಮನೆಯಲ್ಲಿ ದೀಪ ಒರೆಸಿದ ಬಟ್ಟೆಯೂ ಹಾಲು ಸೋಸುವ ಬಟ್ಟೆಯೂ ಒಂದೇ ಗಳುವಿನ ಮೇಲೆ ನೇತಾಡುತ್ತಿದ್ದವು. ಮುಂಜಾನೆಯ ಮಬ್ಬಿನಲ್ಲಿ ಕೈಗೆ ಸಿಕ್ಕಿದ್ದು ದೀಪದ ಬಟ್ಟೆ. ಸೋಸಿದ ಹಾಲು ತಪ್ಪಲೆಯಲ್ಲಿ ಡೈರಿಗೆ ಬಂತು. ದೊಡ್ಡವ್ವ ಮುಚ್ಚಳ ತೆಗೆದಳು, ಮೂಸಿದಳು, ಎಂದಿನ ಸೀಮೆಎಣ್ಣೆಯೇ ಅಂದುಕೊಂಡಳು.

"ಊಂ, ಸುರಿ."

ಆ ಒಂದು ತಪ್ಪಲೆ ಹಾಲು ಇಡೀ ಕ್ಯಾನನ್ನು ಕೆಡಿಸಿತು. ಹಾಲು ತಣ್ಣಗೆ ಮಾಡುವ ಕೇಂದ್ರದವರು ಮುಚ್ಚಳ ತೆಗೆದವರೇ ಹಾಗೆಯೇ ಹಿಂದಕ್ಕೆ ಕಳಿಸಿದರು. ವ್ಯಾನಿನವನು ಕ್ಯಾನನ್ನು ಡೈರಿಯ ಮುಂದೆ ಇಳಿಸಿ, "ಇದೇನ್ ತಾಯಂದಿರಾ, ಇಂಜಿನ್ಗಾಕೋ ಆಲಾ?" ಎಂದು ಕೇಳಿ ಹೋದ.

ಜಗಲಿಯ ಮೇಲೆ ಅವತ್ತು ಹಬ್ಬ.

ಸಂಜೆ ಡೈರಿಯಲ್ಲಿ ಹೆಂಗಸರೆಲ್ಲ ಸೇರಿದರು. ಅವತ್ತು ಭಾನುವಾರವಾದ್ದರಿಂದ ನಾನೂ ಊರಿನಲ್ಲಿದ್ದೆ. ಬಾಗಿಲ ಬಳಿ ನಿಂತುಕೊಂಡೆ. ದೊಡ್ಡವ್ವ ಲ್ಯಾಕ್ಟೋಮೀಟರನ್ನು ಅದರ ಡಬ್ಬಿಯಲ್ಲಿಟ್ಟು ಜಯಮ್ಮನ ಮುಂದೆ ಸರಿಸಿದಳು. ಬಸ್ಸಿನಲ್ಲಿ ಸೆರಗಿನೊಳಗಿಂದ ನನಗೊಬ್ಬನಿಗೇ ಹೇಳಿದ್ದನ್ನು ಅವಳು ಈಗ ಸೆರಗು ತೆಗೆದು ಎಲ್ಲರಿಗೂ ಹೇಳಿದಳು. "ಅತ್ತು ದಿನ ವಾಸ್ನೆ ಇಲ್ದೆ ಸುಳ್ಳು ಏಳಿ ಕೂತಿದ್ದೆ. ಆಮ್ಯಾಕೆ ಒಳ್ಳೇ ಆಲ್ನ ವಾಪಸ್ ಕಳುಸ್ದೆ. ಈಗ ಕೆಟ್ಟಿದ್ನ ಬುಟ್ಕಂಡೆ. ಇನ್ನು ನಂಗ್ ಬ್ಯಾಡ ಕಣ್ರವ್ವ. ಮೂಗಿರೋರು ಯಾರಾದ್ರೂ ಕೂತ್ಕಳಿ."

ಆಗ ಹಿಂದಿನಿಂದ ಕೆಂಪಮ್ಮ ಎದ್ದಳು. ಮೂಗು ಸವೆದಿದೆ ಎಂದವಳು ಅವಳೇ ಆದ್ದರಿಂದ, ಇನ್ನೇನು ಬಾಣ ಬಿಡುತ್ತಾಳೋ ಎಂದು ನಾನು ಒಂದು ಹೆಜ್ಜೆ ಒಳಗಿಟ್ಟೆ.

"ಕೂತ್ಕಳಕ್ಕ ಸುಮ್ಕೆ," ಎಂದಳು ಕೆಂಪಮ್ಮ. "ಸೀಮೆಣ್ಣೆ ಆಲು ನಂದು. ದೀಪ ಒರ್ಸಿದ್ ಬಟ್ಟೇಲಿ ಸೋಸ್ಬುಟ್ಟೆ. ಮನೆಗೋಗಿ ಬಟ್ಟೆ ನೋಡ್ದಾಗ್ಲೇ ಗೊತ್ತಾಯ್ತು, ಬಾಯ್ಮುಚ್ಕಂಡಿದ್ದೆ. ನಿಂಗೆ ಮೂಗು ಸರೀಗಿಲ್ಲ. ನಂಗೇನಾಗಿತ್ತು? ನನ್ ಮೂಗು ಇನ್ನೂ ಮುಖದ್ ಮ್ಯಾಗೇ ಅದಲ್ಲ. ನಾನ್ಯಾಕೆ ಮೂಸ್ನಿಲ್ಲ? ಇಷ್ಟ್ ಜನ ಸಾಲ್ನಲ್ಲಿ ನಿಂತಿರ್ತೀವಿ, ಒಬ್ಬಳಾದ್ರೂ ಮೂಸಿದ್ಲಾ? ತಾಯಕ್ಕ ಅವ್ಳೆ ಅಂತ ನಾವೆಲ್ಲ ಮೂಗು ಮನೇಲಿ ಬುಟ್ಟು ಬತ್ತಿದ್ವಿ."

ಅಷ್ಟು ಹೊತ್ತು ಬಿಗಿದುಕೊಂಡಿದ್ದ ಜಯಮ್ಮ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು.

ಆ ಸಂಜೆ ನಮ್ಮೂರ ಡೈರಿಯಲ್ಲಿ ಒಂದು ಹೊಸ ಪದ್ಧತಿ ಹುಟ್ಟಿತು. ಸಾಲಿನಲ್ಲಿ ನಿಂತವರು ಹಿಂದಕ್ಕೆ ತಿರುಗಿ, ತಮ್ಮ ಹಿಂದಿನವಳ ತಪ್ಪಲೆ ಮೂಸಬೇಕು. ಮುಂದಿನವಳು 'ಊಂ' ಅನ್ನದೆ ಹಿಂದಿನವಳು ಮುಂದೆ ಬರುವಂತಿಲ್ಲ. ಸಾಲಿನ ಮೊದಲನೆಯವಳದನ್ನು ಜಯಮ್ಮ ಮೂಸಬೇಕು. ದೊಡ್ಡವ್ವ ತನ್ನ ಜಾಗದಲ್ಲಿ ಕೂತು, ಎಲ್ಲರೂ ಮೂಸಿದ ಮೇಲೆ ತಾನೂ ಮೂಸಬೇಕು; ತೀರ್ಪು ಕೊಡುವಂತಿಲ್ಲ. "ಕೂಳೆ ಬರೋಗಂಟ," ಎಂದಳು ಕೆಂಪಮ್ಮ.

ಬೇರೆ ಊರಿನವರು ಯಾರಾದರೂ ಆ ಹೊತ್ತಿಗೆ ಬಂದಿದ್ದರೆ, ಹೆಂಗಸರ ಒಂದು ಸಾಲೇ ಹಿಂದೆ ತಿರುಗಿ ನಿಂತು ಒಬ್ಬರ ತಪ್ಪಲೆಯೊಳಗೆ ಒಬ್ಬರು ಮೂಗು ತೂರಿಸಿರುವುದನ್ನು ಕಂಡು ಏನೆಂದುಕೊಳ್ಳುತ್ತಿದ್ದರೋ. ಜಗಲಿಯವರಿಗೆ ಹೊಸ ಹಾಸ್ಯ ಸಿಕ್ಕಿತು. ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಅವರ ನಗು ಕಡಿಮೆಯಾಯಿತು. ಕ್ಯಾನು ಒಂದೂ ವಾಪಸು ಬರಲಿಲ್ಲವಲ್ಲ.

ಸಾಲಿನಲ್ಲಿ ಇನ್ನೊಂದು ಆಟವೂ ಶುರುವಾಯಿತು. ಯಾರು ಶುರುಮಾಡಿದರೋ ತಿಳಿಯದು. ದಿನಾ ಒಬ್ಬೊಬ್ಬರು ಸೆರಗಿನ ತುದಿಯಲ್ಲಿ ಏನಾದರೊಂದು ಕಟ್ಟಿಕೊಂಡು ಬರುವರು: ಇಂಗು, ಮೆಂತ್ಯ, ಮರುಗ, ಹುಣಸೆಹಣ್ಣು, ಒಣಗಿದ ಶುಂಠಿ. ದೊಡ್ಡವ್ವನ ಮೂಗಿನ ಹತ್ತಿರ ಹಿಡಿದು, ಮೊದಲು ಹೆಸರು ಹೇಳುವರು, ಆಮೇಲೆ ಮೂಸಿಸುವರು. "ಇದು ಇಂಗು ಕಣಕ್ಕ. ಇಂಗು ಎಂಗಿರ್ತದೆ, ಗ್ಯಾಪ್ನ ಮಾಡ್ಕೊ. ಈಗ ಮೂಸು." ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ. ನನಗೆ ಒಂದೊಂದು ವಾಸನೆಗೂ ಒಂದೊಂದು ಮಾತು ಕಲಿಸಿದವಳು ಈಗ ಮಾತಿನ ಕಡೆಯಿಂದ ವಾಸನೆಯನ್ನು ಹುಡುಕಿಕೊಂಡು ಹೊರಟಿದ್ದಳು. ತಿಂಗಳುಗಟ್ಟಲೆ ಅವಳ ಉತ್ತರ ಒಂದೇ: "ಸೀಮೆಣ್ಣೆ." ಆದರೂ ದಿನಾ ಕೇಳುತ್ತಿದ್ದಳು, "ಇವತ್ತೇನ್ ತಂದಿದ್ದೀಯಮ್ಮಿ?"

ಮನೆಯಲ್ಲಿ ರತ್ನನ ಅಳುವೂ ನಿಂತಿತ್ತು. ಅವಳು ಅತ್ತೆಗಾಗಿ ಒಗ್ಗರಣೆಯಿಲ್ಲದ ಸಾರು, ತಣ್ಣಗಿನ ರಾಗಿ ಅಂಬಲಿ ಮಾಡುತ್ತಿದ್ದಳು. ತಣ್ಣಗಿದ್ದರೆ ಕೆಟ್ಟ ವಾಸನೆ ಕಡಿಮೆ ಎಂಬುದನ್ನು ಅವಳೇ ಕಂಡುಕೊಂಡಿದ್ದಳು. ಡಾಕ್ಟರೂ ಇದನ್ನು ಹೇಳಿರಲಿಲ್ಲ.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮಾರನೆಯ ದಿನ. ನಾನು ಹಿತ್ತಿಲಲ್ಲಿ ನೀರು ಸೇದುತ್ತಿದ್ದೆ. ಕೊಟ್ಟಿಗೆ ಬಾಚುತ್ತಿದ್ದ ದೊಡ್ಡವ್ವ ಇದ್ದಕ್ಕಿದ್ದಂತೆ ಕೂಗಿಕೊಂಡಳು. ಹಸು ಒದೆಯಿತೋ ಏನೋ ಎಂದು ರತ್ನನೂ ನಾನೂ ಓಡಿದೆವು. ದೊಡ್ಡವ್ವ ಎರಡೂ ಕೈಯಲ್ಲಿ ಸಗಣಿ ಎತ್ತಿಕೊಂಡು ಮುಖದ ಹತ್ತಿರ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ರತ್ನಾ! ಸಗಣಿ ಸಗಣಿ ನಾರ್ದಂಗೇ ನಾರ್ತದೆ ಕಣಮ್ಮಿ!"

ದೊಡ್ಡಪ್ಪನೂ ಎದ್ದು ಬಂದ. ಒಂದು ಗಳಿಗೆ ನೋಡಿದ. "ಇದೊಂದು ಮನೇಲಿ ಸಗಣಿ ನಾರ್ತದೆ ಅಂತ ಕುಣೀತಾವ್ರಲ್ಲೋ, ಶಿವನೇ" ಎಂದು ಗೊಣಗಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದ. ಅವನಿಗೇನೂ ಬೆವರಿರಲಿಲ್ಲ.

ಸಗಣಿಯ ಹಿಂದೆ ಹಸಿ ಮಣ್ಣು ಬಂತು. ಒಂದು ವಾರಕ್ಕೆ ಇಂಗು. ಆಮೇಲೆ ಮರುಗ. ಮಲ್ಲಿಗೆ ಅರ್ಧ ಬಂತು, ಅರ್ಧ ಎಲ್ಲೋ ಉಳಿಯಿತು. ಕಾಫಿ ಮಾತ್ರ ಕೊನೆಯವರೆಗೂ ಸರಿಯಾಗಲಿಲ್ಲ. ದೊಡ್ಡವ್ವ ಅದನ್ನು ಬಿಟ್ಟೇಬಿಟ್ಟಳು. ಕಾರಣವಂತೂ ಪೂರ್ತಿ ಬಗೆಹರಿಯಲಿಲ್ಲ. ಕೆಂಪಮ್ಮನಿಗೆ ಈಗಲೂ ಆ ಪೇಸ್ಟಿನ ಮೇಲೆ ಅನುಮಾನ. ನಾನು ಟಾನಿಕ್ಕಿನ ಮಾತನ್ನು ಯಾರ ಮುಂದೆಯೂ ಎತ್ತುವುದಿಲ್ಲ. ನರಗಳು ಎಲ್ಲಿ ಹೇಗೆ ಚಿಗುರಿದವೋ, ಸಾಲಿನ ಹೆಂಗಸರು ದಿನಾ ನೀರು ಹೊಯ್ದರು ಎಂಬುದು ಮಾತ್ರ ನನ್ನ ಕಣ್ಣಾರೆ ಕಂಡದ್ದು.

ಹಾಲಿನ ವಿಷಯದಲ್ಲಿ ತೀರ್ಪು ಕೊಡಲು ಅವಳು ಆಗಲೂ ಒಪ್ಪಲಿಲ್ಲ. "ಇನ್ನೂ ಗಟ್ಟಿಯಾಗ್ಲಿ" ಎನ್ನುತ್ತಿದ್ದಳು. ಎಲ್ಲರೂ ಮೂಸಿದ ಮೇಲೆ ತಾನೂ ಮೂಸಿ, ಸುಮ್ಮನೆ ತಲೆಯಾಡಿಸುತ್ತಿದ್ದಳು.

ಅದೇ ವರ್ಷ ಆಷಾಢದ ಒಂದು ಬೆಳಿಗ್ಗೆ ರತ್ನ ನಮ್ಮ ಮನೆಯ ಹಾಲು ತಂದಳು. ಅವಳ ಮುಂದೆ ನಿಂತಿದ್ದ ಕೆಂಪಮ್ಮ ಮೂಸಿ 'ಊಂ' ಎಂದಳು. ಲ್ಯಾಕ್ಟೋಮೀಟರು ಸರಿಯಾಗಿಯೇ ತೇಲಿತು. ದೊಡ್ಡವ್ವ ಮೂಸಿದಳು. ಇನ್ನೊಂದು ಸಲ ಮೂಸಿದಳು. ತಪ್ಪಲೆಯ ಮುಚ್ಚಳ ಮುಚ್ಚಿ ರತ್ನನ ಕೈಗಿಟ್ಟಳು.

"ಬ್ಯಾಡ. ವಾಪಸ್ ತಗೊಂಡೋಗು."

"ಸೀಮೆಣ್ಣೆಯಾ ಅತ್ತೆ?" ರತ್ನನ ಮುಖ ಸಣ್ಣದಾಯಿತು.

"ಸೀಮೆಣ್ಣೆ ಅಲ್ಲ. ಆಲು ಸರೀಗಿಲ್ಲ."

ಜಯಮ್ಮ ಒಂದು ಲೋಟದಷ್ಟನ್ನು ಅಲ್ಲೇ ಸ್ಟವ್ ಮೇಲೆ ಕಾಯಿಸಿದಳು. ಹಾಲು ಒಡೆಯಲಿಲ್ಲ. ಎಲ್ಲರೂ ದೊಡ್ಡವ್ವನ ಮುಖ ನೋಡಿದರು. ಅವಳು ಬೇಡವೆಂದರೆ ಬೇಡ ಎಂದಳು. ರತ್ನ ತಪ್ಪಲೆ ಹೊತ್ತುಕೊಂಡು ಊರವರ ಕಣ್ಣೆದುರಿಗೇ ವಾಪಸು ಬಂದಳು.

ಮಾರನೆಯ ಬೆಳಿಗ್ಗೆ ಕರೆಯಲು ಕೂತಾಗ ಹಸುವಿನ ಕೆಚ್ಚಲಿನ ಒಂದು ಭಾಗ ಊದಿ ಕಲ್ಲಾಗಿತ್ತು. ದೊಡ್ಡಪ್ಪ ಜಗಲಿಗೆ ಹೋಗದೆ ಸೈಕಲ್ಲು ಹತ್ತಿ ದನದ ಡಾಕ್ಟರನ್ನು ಕರೆತಂದ. "ಕೆಚ್ಚಲುಬಾವು, ಬೇಗ ಗೊತ್ತಾಯ್ತು, ಮೊಲೆ ಉಳೀತು" ಎಂದು ಡಾಕ್ಟರು ಸೂಜಿ ಹಾಕಿದರು. ಹದಿನೈದು ದಿನ ಆ ಹಾಲು ಡೈರಿಗೆ ಹೋಗಲಿಲ್ಲ.

ಹದಿನಾರನೆಯ ದಿನ ರತ್ನ ತಪ್ಪಲೆ ತಂದಾಗ, ಸಾಲಿನಲ್ಲಿ ಅವಳ ಮುಂದೆ ನಿಂತವಳು ಮೂಸಿ 'ಊಂ' ಎಂದಳು. ಆದರೂ ರತ್ನ ಹಾಲು ಸುರಿಯಲಿಲ್ಲ. ತಪ್ಪಲೆ ಹಿಡಿದು ಅತ್ತೆಯ ಮುಂದೆ ತೀರ್ಪಿಗೆ ಕಾದು ನಿಂತಳು. ದೊಡ್ಡವ್ವ ಮೂಸಿದಳು.

"ಸುರಿ," ಎಂದಳು.